ಪ್ರೊಬೇಷನ್ ಅಧಿಕಾರಿಯ ಕಚೇರಿಯಲ್ಲಿ ಸಹಾಯಕರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ ಸೀಮೆಯ ಇಂಥದ್ದೊಂದು ಕಚೇರಿಯಲ್ಲಿ ಟಪಾಲು, ಕಡತ, ಟೈಪಿಂಗ್ ನೋಡಿಕೊಂಡು ನನಗೆ ಎಂಟು ವರ್ಷ ಆಯಿತು. ಅರ್ಜಿ ಹಾಕುವವರು, ಹೊಸದಾಗಿ ಸೇರಿದವರು, ನಮ್ಮ ಓಣಿಯ ಹುಡುಗ ಹುಡುಗಿಯರು ಎಲ್ಲರೂ ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಪಿಒ ಅಂದರೆ ಬ್ಯಾಂಕ್ ಪಿಒ ಅಲ್ವಾ?

ಅಲ್ಲ. ಧಾರವಾಡದ ಸಪ್ತಾಪುರದಲ್ಲಿ ನಿಂತು "ಪಿಒ ಆಫೀಸಿನಲ್ಲಿ ಕೆಲಸ" ಅಂದರೆ ಹತ್ತಕ್ಕೆ ಒಂಬತ್ತು ಜನ ಬ್ಯಾಂಕ್ ಅಂತಲೇ ತಿಳಿಯುತ್ತಾರೆ. ಅಲ್ಲಿನ ಕೋಚಿಂಗ್ ಬೋರ್ಡುಗಳೆಲ್ಲ ಆ ಪಿಒದ್ದೇ. ಇನ್ನು ಕೆಲವರು, ಸರ್ಕಾರಿ ನೌಕರಿಗೆ ಸೇರಿದ ಮೇಲೆ ಖಾಯಂ ಆಗುವ ತನಕ ಇರುವ ಪ್ರೊಬೇಷನರಿ ಅವಧಿ ಅಂದುಕೊಳ್ಳುತ್ತಾರೆ. ನಮ್ಮ ಅತ್ತೆಯವರು ಮೊದಲ ವರ್ಷವಿಡೀ "ನಿನ್ನ ಪ್ರೊಬೇಷನ್ ಯಾವಾಗ ಮುಗೀತದವಾ?" ಅಂತ ಕೇಳುತ್ತಿದ್ದರು.

ಇಲ್ಲಿ ಮಾತು ಕೋರ್ಟಿನ ಪ್ರೊಬೇಷನ್ನಿನದು. ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ, ಷರತ್ತು ಹಾಕಿ, ಮನೆಯಲ್ಲೇ ಇರಿಸಿ, ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲಿ ಸುಧಾರಿಸಲು ಬಿಡುವುದು. ಆ ಅಧಿಕಾರಿಗೆ ನಮ್ಮ ಇಲಾಖೆಯ ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ ಅನ್ನುತ್ತಾರೆ. ಬಾಯಿಮಾತಿನಲ್ಲಿ ಪ್ರೊಬೇಷನ್ ಆಫೀಸರ್ರೇ.

ಆ ಅಧಿಕಾರಿ ಮಾಡುವುದೇನು?

ಎರಡು ಬಗೆಯ ಕೆಲಸ. ಒಂದು ದೊಡ್ಡವರದು, ಒಂದು ಮಕ್ಕಳದು.

ದೊಡ್ಡವರಿಗೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಕೋರ್ಟಿಗೆ ಸರಿ ಕಂಡರೆ, ತಪ್ಪಿತಸ್ಥನಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮುಚ್ಚಳಿಕೆಯ ಅವಧಿ 3 ವರ್ಷ ಮೀರುವಂತಿಲ್ಲ. ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಿಸಿದರೆ ಅದು ಕಡಿಮೆ ಅಂದರೂ 1 ವರ್ಷ ಇರಬೇಕು. ತಪ್ಪು ಮಾಡಿದವನು 21 ವರ್ಷದ ಒಳಗಿನವನಾದರೆ ಅವನನ್ನು ಜೈಲಿಗೆ ಹಾಕುವುದಕ್ಕೆ ಕಾಯ್ದೆಯೇ ತಡೆ ಒಡ್ಡುತ್ತದೆ. ಕೋರ್ಟು ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಿಕೊಂಡು ನೋಡಬೇಕು. ಜೈಲೇ ಬೇಕು ಅಂತಾದರೆ ಕಾರಣ ಬರೆಯಬೇಕು.

ಮಕ್ಕಳಿಗೆ, ಅಂದರೆ 18 ವರ್ಷದ ಒಳಗಿನವರಿಗೆ, 2015ರ ಬಾಲ ನ್ಯಾಯ ಕಾಯ್ದೆ. ಅವರ ವಿಚಾರಣೆ ಸಾಮಾನ್ಯವಾಗಿ ಕೋರ್ಟಿನಲ್ಲಲ್ಲ, ಬಾಲ ನ್ಯಾಯ ಮಂಡಳಿಯಲ್ಲಿ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲೇಬೇಕು. ಮಗುವಿನ ಮನೆ, ಶಾಲೆ, ಗೆಳೆಯರು, ದುಡಿಮೆ, ಚಟ, ಮೈ ಮನಸ್ಸಿನ ಆರೋಗ್ಯ ಎಲ್ಲ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಕೊಡುವುದು ಪ್ರೊಬೇಷನ್ ಅಧಿಕಾರಿಯ ಕೆಲಸ. ನಮ್ಮ ಮೇಜಿನ ಮೇಲೆ ಜಾಸ್ತಿ ಬರುವುದು ಇದೇ.

ಈ ಕಚೇರಿ ಯಾವ ಇಲಾಖೆಯಲ್ಲಿ ಬರುತ್ತದೆ? ಎಲ್ಲಿ ಹುಡುಕಬೇಕು?

ಕೋರ್ಟಿನ ಕೆಲಸ ಆದರೂ ಇಲಾಖೆ ಕೋರ್ಟಿನದಲ್ಲ, ಪೊಲೀಸರದೂ ಅಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಅದರಲ್ಲಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಅಂತ ಒಂದು ಹುದ್ದೆ ಇರುತ್ತದೆ. 1997ರ ತನಕ ಧಾರವಾಡ, ಗದಗ, ಹಾವೇರಿ ಮೂರೂ ಒಂದೇ ಜಿಲ್ಲೆ. ಹಾಗಾಗಿ ಹಳೆಯ ಕಾಗದ ಹುಡುಕುವಾಗ ರಾಣೆಬೆನ್ನೂರಿನದೋ ರೋಣದ್ದೋ ಪ್ರಕರಣ ಧಾರವಾಡದ ವಹಿಯಲ್ಲಿ ಸಿಕ್ಕರೆ ಗಾಬರಿ ಆಗಬೇಡಿ.

ಹಾವೇರಿಯವರಿಗೆ ಒಂದು ಮಾತು. ಜಿಲ್ಲಾಡಳಿತ ಭವನ ಊರ ಹೊರಗೆ ದೇವಗಿರಿಯಲ್ಲಿದೆ. ಕೋರ್ಟಿನ ಕೆಲಸ, ಅಲ್ಲಿನ ಕೆಲಸ ಎರಡೂ ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತೇನೆ ಅಂತ ಹೊರಟರೆ ಊಟ ತಪ್ಪುತ್ತದೆ.

ಸಹಾಯಕರ ಹುದ್ದೆಗೆ ಹೆಸರೇನು? ಎಷ್ಟು ಓದಿರಬೇಕು?

ಎರಡು ದಾರಿ. ಖಾಯಂ ನೌಕರಿ ಬೇಕಾದರೆ ಪ್ರಥಮ ಅಥವಾ ದ್ವಿತೀಯ ದರ್ಜೆ ಸಹಾಯಕರ, ಅಂದರೆ ಎಫ್‌ಡಿಎ ಅಥವಾ ಎಸ್‌ಡಿಎ ಪರೀಕ್ಷೆ ಬರೆಯಬೇಕು. ಎಫ್‌ಡಿಎಗೆ ಪದವಿ, ಎಸ್‌ಡಿಎಗೆ ಪಿಯುಸಿ. ಆದರೆ "ಪ್ರೊಬೇಷನ್ ಆಫೀಸಿಗೇ ಹಾಕಿ" ಅಂತ ಕೇಳಿ ಸೇರುವ ಹಾಗಿಲ್ಲ. ಇಲಾಖೆ ಸಿಕ್ಕಂತೆ, ಜಾಗ ಖಾಲಿ ಇದ್ದಂತೆ.

ಇನ್ನೊಂದು ಗುತ್ತಿಗೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಕ್ಕಳ ರಕ್ಷಣಾ ಘಟಕಕ್ಕೆ ಒಬ್ಬ ಲೆಕ್ಕಿಗ, ಒಬ್ಬ ದತ್ತಾಂಶ ವಿಶ್ಲೇಷಕ, ಒಬ್ಬ ಸಹಾಯಕ ಮತ್ತು ಡಾಟಾ ಎಂಟ್ರಿ ಆಪರೇಟರ್ ಹುದ್ದೆ ಇದೆ. ಈ ಕೊನೆಯದೇ ನೀವು ಕೇಳುತ್ತಿರುವ ಕೆಲಸ.

ಗದಗ ಜಿಲ್ಲೆಯವರು ಪದೇ ಪದೇ ಕೇಳುವುದು: "ಪಕ್ಕದ ಕೊಪ್ಪಳದವರಿಗೆ ಸಂವಿಧಾನದ 371ಜೆ ಮೀಸಲಾತಿ ಇದೆ, ನಮಗಿಲ್ವಾ?" ಇಲ್ಲ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ಗಜೇಂದ್ರಗಡದಿಂದ ಸ್ವಲ್ಪ ಆಚೆ ಹೋದರೆ ಸಿಗುತ್ತದೆ, ಈಚೆಗಿದ್ದರೆ ಇಲ್ಲ. ಬೇಜಾರು ನನಗೂ ಗೊತ್ತು.

ಸಂಬಳ?

ಗುತ್ತಿಗೆಯ ಸಹಾಯಕ ಮತ್ತು ಡಾಟಾ ಎಂಟ್ರಿ ಆಪರೇಟರಿಗೆ ಯೋಜನೆಯಲ್ಲಿ ಗೊತ್ತು ಮಾಡಿರುವುದು ತಿಂಗಳಿಗೆ 13,000ದ ಆಸುಪಾಸು. ಅನುದಾನ ತಡವಾದರೆ ಸಂಬಳವೂ ತಡ. ನನಗೆ ಒಮ್ಮೆ ಮೂರು ತಿಂಗಳ ಸಂಬಳ ಒಟ್ಟಿಗೆ ಬಂತು. ಬಂದ ದಿನ ಖುಷಿ, ಅಲ್ಲಿಯ ತನಕ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಮಾಡಿ ಒಬ್ಬರ ಈ ಸಂಬಳದಲ್ಲೇ ಸಂಸಾರ ನಡೆಸುತ್ತೇನೆ ಅಂದರೆ ಕಷ್ಟ. ಮನೆಯಿಂದ ಓಡಾಡುವವರಿಗೆ ಒಗ್ಗುತ್ತದೆ. ಎಫ್‌ಡಿಎ ಎಸ್‌ಡಿಎಯವರ ಲೆಕ್ಕ ಬೇರೆ, ಅದು ಸರ್ಕಾರದ ವೇತನ ಶ್ರೇಣಿ.

ಒಂದು ದಿನ ಹೇಗಿರುತ್ತದೆ?

ಹತ್ತಕ್ಕೆ ಹಾಜರಿ. ಮೊದಲು ಟಪಾಲು ಒಡೆಯುವುದು. ಪೊಲೀಸ್ ಠಾಣೆಯಿಂದ ಬಂದ ಮಾಹಿತಿ, ಮಂಡಳಿಯ ಪತ್ರ, ಕೋರ್ಟಿನ ಆದೇಶದ ಪ್ರತಿ, ವೀಕ್ಷಣಾಲಯದ (ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಮನೆ) ಪತ್ರ, ಬೇರೆ ಜಿಲ್ಲೆಯ ಅಧಿಕಾರಿಯ ಕೋರಿಕೆ. ಪ್ರತಿಯೊಂದಕ್ಕೂ ಆವಕ (ಒಳಬಂದ ಪತ್ರದ) ನಂಬರು, ತಾರೀಖು, ಸೀಲು. ಆಮೇಲೆ ಅಧಿಕಾರಿಯ ಮುಂದೆ ಇಡುವುದು. ಅವರು ಷರಾ ಬರೆದದ್ದನ್ನು ಕಡತಕ್ಕೆ ಸೇರಿಸುವುದು.

ಮಧ್ಯಾಹ್ನದ ತನಕ ಟೈಪಿಂಗ್. ಅಧಿಕಾರಿ ಊರಿಗೆ ಹೋಗಿ ಬರೆದುಕೊಂಡು ಬಂದ ಟಿಪ್ಪಣಿ ನನಗೆ ಕೊಡುತ್ತಾರೆ. ನಮ್ಮ ಸಾಹೇಬರ ಅಕ್ಷರ ಓದುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಬರದಿದ್ದರೆ ಕೇಳಿ. ಊಹಿಸಿ ಟೈಪ್ ಮಾಡಬೇಡಿ. "ತಂದೆ ಇಲ್ಲ" ಅನ್ನುವುದಕ್ಕೂ "ತಂದೆ ಇಲ್ಲಿಲ್ಲ" ಅನ್ನುವುದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಒಂದರಲ್ಲಿ ಅಪ್ಪ ಸತ್ತಿದ್ದಾನೆ, ಇನ್ನೊಂದರಲ್ಲಿ ಗೋವಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದಾನೆ.

ಮಧ್ಯಾಹ್ನದ ಮೇಲೆ ಜಾವಕ, ಅಂದರೆ ಹೊರಗೆ ಕಳಿಸುವ ಪತ್ರಗಳ ಕೆಲಸ. ವರದಿಗಳು ಮುಚ್ಚಿದ ಲಕೋಟೆಯಲ್ಲಿ ಹೋಗುತ್ತವೆ. ಹತ್ತಿರದ್ದು ಮುದ್ದಾಂ (ಕೈಯಾರೆ ಒಯ್ದು ಕೊಡುವುದು), ದೂರದ್ದು ಸ್ಪೀಡ್ ಪೋಸ್ಟ್. ಮುದ್ದಾಂ ಹೋದದ್ದಕ್ಕೆ ಸ್ವೀಕೃತಿ ಸಹಿ ಇಲ್ಲದೆ ವಾಪಸ್ ಬರಬೇಡಿ. "ಕೊಟ್ಟೇನಿ ಬಿಡ್ರಿ" ಅನ್ನುವುದು ಕೋರ್ಟಿನಲ್ಲಿ ನಡೆಯುವುದಿಲ್ಲ.

ಇದರ ನಡುವೆ ಅಧಿಕಾರಿಯ ಟಿಎ ಬಿಲ್ಲು, ಸಾದಿಲ್ವಾರು (ಕಚೇರಿಯ ಸಣ್ಣಪುಟ್ಟ) ಖರ್ಚಿನ ರಸೀದಿ, ತಿಂಗಳ ಪ್ರಗತಿ ವರದಿ, ವಿಡಿಯೊ ಸಭೆಗೆ ಅಂಕಿ ಅಂಶ. ಈ ಅಂಕಿ ಅಂಶವನ್ನು ಹಿಂದಿನ ಸಂಜೆ ಐದಕ್ಕೆ ಕೇಳಿ ನಾಳೆ ಹತ್ತಕ್ಕೆ ಬೇಕು ಅನ್ನುತ್ತಾರೆ. ಯಾವ ಕಚೇರಿಯಲ್ಲಿ ಅನ್ನಲ್ಲ ಹೇಳಿ.

ಎಲ್ಲರೂ ಡೈರಿ, ತಾರೀಖು ಅಂತ ಅಷ್ಟೊಂದು ಹೇಳುವುದು ಯಾಕೆ?

ಈ ಕೆಲಸದಲ್ಲಿ ಅದೇ ಮುಖ್ಯ ಅದಕ್ಕೆ. ಮಗುವನ್ನು ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಹೋಗಬೇಕು. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಬೇಕಾದರೆ ಇನ್ನು 2 ತಿಂಗಳು ಹೆಚ್ಚಿಸಬಹುದು. ಸಣ್ಣ ಅಪರಾಧದ ಪ್ರಕರಣ ಅಷ್ಟರಲ್ಲೂ ಮುಗಿಯದಿದ್ದರೆ ಅಲ್ಲಿಗೇ ಕೈಬಿಡಬೇಕು ಅಂತ ಕಾಯ್ದೆಯಲ್ಲಿದೆ. ಅಂದರೆ ಇಲ್ಲಿ ದಿನ ಎಣಿಸುವುದು ಕಾಗದದ ಶಾಸ್ತ್ರಕ್ಕಲ್ಲ.

ನನ್ನದೇ ತಪ್ಪು ಹೇಳುತ್ತೇನೆ. ಸೇರಿದ ಎರಡನೇ ವರ್ಷ. ಕೈಬರಹದ ಆದೇಶದಲ್ಲಿ 11 ಅಂತ ಇದ್ದದ್ದನ್ನು 17 ಅಂತ ಓದಿ ಡೈರಿಯಲ್ಲಿ ಬರೆದೆ. 11ನೇ ತಾರೀಖು ವರದಿ ನಮ್ಮ ಮೇಜಿನ ಮೇಲೇ, ಸಹಿಗೆ ಕಾಯುತ್ತ ಕೂತಿತ್ತು. ಅಲ್ಲಿ ಮಂಡಳಿಯವರು ವರದಿ ಇಲ್ಲ ಅಂತ ಮುಂದಿನ ತಾರೀಖು ಕೊಟ್ಟರು. ಹನ್ನೆರಡು ದಿನ ಮುಂದಕ್ಕೆ. ಆ ಹುಡುಗ ಅಷ್ಟು ದಿನ ವೀಕ್ಷಣಾಲಯದಲ್ಲೇ ಉಳಿದ. ಅವನ ಅವ್ವ ಮರುದಿನ ಕಚೇರಿಗೆ ಬಂದು, ಜೋರಾಗಿ ಏನೂ ಅನ್ನಲಿಲ್ಲ, "ನೀವು ಮರತ್ರೇನ್ರಿ ಅಕ್ಕಾರ?" ಅಂತ ಕೇಳಿದಳು. ಸಾಹೇಬರು ಬೈದಿದ್ದರೆ ಮರೆತುಬಿಡುತ್ತಿದ್ದೆ. ಇದನ್ನು ಮರೆಯಲು ಆಗಿಲ್ಲ.

ಅವತ್ತಿನಿಂದ ನಾನು ಮೂರು ಕಡೆ ತಾರೀಖು ಬರೆಯುತ್ತೇನೆ. ಕಡತದ ಮುಖಪುಟದಲ್ಲಿ, ಮೇಜಿನ ಡೈರಿಯಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ. ಕ್ಯಾಲೆಂಡರಿನಲ್ಲಿ ಹೆಸರಿಲ್ಲ, ಬರೀ ಕಡತದ ನಂಬರು. ವರದಿಯ ಗಡುವಿಗೆ ಮೂರು ದಿನ ಮೊದಲೇ ಕೆಂಪು ಗುರುತು. ಅಂಕಿ ಸ್ಪಷ್ಟ ಇಲ್ಲದಿದ್ದರೆ ಮಂಡಳಿಯ ಗುಮಾಸ್ತರಿಗೆ ಫೋನು ಮಾಡಿಬಿಡುತ್ತೇನೆ. ಅವರಿಗೆ ಕಿರಿಕಿರಿ ಆಗುತ್ತದೆ, ಆಗಲಿ. ದೊಡ್ಡವರ ಪ್ರಕರಣಕ್ಕೆ ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ತಾರೀಖು ಸಿಗುತ್ತದೆ. ಆದರೂ ಆದೇಶದ ಪ್ರತಿಯ ಜೊತೆ ತಾಳೆ ನೋಡಿ.

ವರದಿಯನ್ನು ಅಧಿಕಾರಿಯೇ ಬರೆಯುತ್ತಾರೆ. ನನಗೆ ಬರೀ ಟೈಪಿಂಗ್ ತಾನೆ?

ಹೌದು, ಬರೀ ಟೈಪಿಂಗ್. ಆದರೆ ಈ ಟೈಪಿಂಗ್‌ನಲ್ಲಿ ಪದ ಗೊತ್ತಿರಬೇಕು.

ಬಾಲ ನ್ಯಾಯ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ತತ್ವ ಇದೆ. ಮಗುವಿನ ಬಗ್ಗೆ ಬರೆಯುವಾಗ ಕಳಂಕ ಹಚ್ಚುವ, ದೂಷಿಸುವ ಪದ ಬಳಸಬಾರದು. ನಮಗೆ ಬರುವ ಪೊಲೀಸ್ ಕಾಗದದಲ್ಲಿ "ಆರೋಪಿ", "ಬಂಧಿಸಲಾಯಿತು" ಅಂತ ಇದ್ದರೆ ಅದನ್ನೇ ಕಾಪಿ ಮಾಡಿ ಅಂಟಿಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಹಾಗೆ ಮಾಡಬೇಡಿ. ಮಗುವನ್ನು ಮಗು ಅಂತಲೇ ಬರೆಯಬೇಕು. ಬಂಧನ ಅಲ್ಲ, ವಶಕ್ಕೆ ಪಡೆದದ್ದು. "ಮಗು ಹೇಳಿದ್ದು" ಅಂದರೆ ಸಾಕು, "ತಪ್ಪೊಪ್ಪಿಕೊಂಡ" ಬೇಡ. ಅಧಿಕಾರಿ ಅವಸರದಲ್ಲಿ ಹಳೆಯ ಪದ ಬರೆದಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿ. ಸುಮ್ನೆ ನೀವೇ ತಿದ್ದಬೇಡಿ. ಸಹಿ ಅವರದು.

ನಮ್ಮ ಕಡೆಯ ಇನ್ನೊಂದು ಸಂಗತಿ ಇದೆ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅನ್ನುವ ಭಾಗ ಇದೆ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ಮಾಡಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಮುಂದೆ ಅವರನ್ನು ಬೇಲಿಯೊಳಗೆ ಇರಿಸಿ ಹಾಜರಿ ಕೂಗಿದರು. ಆ ವಸತಿಯ ಹೆಸರು ಇದು. ಕಾಯ್ದೆ 1952ರಲ್ಲೇ ರದ್ದಾಯಿತು, ಹೆಸರು ಉಳಿಯಿತು. ಈಗಲೂ ವಿಳಾಸದ ಕಾಲಂನಲ್ಲಿ ಆ ಪದ ಕಂಡ ಕೂಡಲೇ ಕೆಲವರ ಹುಬ್ಬು ಏರುತ್ತದೆ. ನನ್ನ ಪಕ್ಕದ ಮೇಜಿನವರೇ ಒಮ್ಮೆ "ಹಂಗಾರ ಗೊತ್ತಾತು ಬಿಡ್ರಿ" ಅಂದಿದ್ದರು. ಏನು ಗೊತ್ತಾಯಿತು? ವಿಳಾಸ ಗೊತ್ತಾಯಿತು, ಅಷ್ಟೇ. ಮನೆಯ ನಂಬರು, ಓಣಿ, ಪಿನ್‌ಕೋಡ್ ಸರಿಯಾಗಿ ಹಾಕಿ. "ಸದರಿ ಪ್ರದೇಶವು ಅಪರಾಧ ಹಿನ್ನೆಲೆಯುಳ್ಳದ್ದು" ಅನ್ನುವಂಥ ಸಾಲು ಯಾವುದಾದರೂ ಹಳೆಯ ಮಾದರಿ ಕಡತದಿಂದ ನಿಮ್ಮ ಕಾಪಿಗೆ ನುಸುಳಿದರೆ ಅಧಿಕಾರಿಗೆ ತೋರಿಸದೆ ಮುಂದೆ ಬಿಡಬೇಡಿ.

ಹಳೆಯ ಕಡತದ ಫೈಲನ್ನೇ ತೆರೆದು, ಹೆಸರು ಬದಲಿಸಿ, ಹೊಸ ವರದಿ ಮಾಡುವ ಚಟವೂ ಬೇಡ. ನಾಲ್ಕನೇ ಪುಟದಲ್ಲಿ ಹಿಂದಿನ ಮಗುವಿನ ಅಣ್ಣ ಉಳಿದುಬಿಟ್ಟಿರುತ್ತಾನೆ. ಖಾಲಿ ನಮೂನೆ ಇಟ್ಟುಕೊಳ್ಳಿ. ಮಕ್ಕಳ ಸಾಮಾಜಿಕ ತನಿಖಾ ವರದಿಗೆ ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ನಮೂನೆ 6 ಇದೆ.

ನುಡಿ ಸಾಕಾ, ಯೂನಿಕೋಡ್ ಬೇಕಾ?

ಎರಡೂ ಬರಲಿ. ಕಚೇರಿಯ ಹಳೆಯ ಫೈಲುಗಳು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿವೆ, ಪೋರ್ಟಲಿಗೂ ಇ-ಆಫೀಸಿಗೂ ಯೂನಿಕೋಡ್ ಬೇಕು. ನುಡಿಯಿಂದ ಬದಲಿಸಿದಾಗ ಒತ್ತಕ್ಷರ ಎಲ್ಲೆಲ್ಲೋ ಹಾರಿ ಕೂರುತ್ತದೆ, ಒಮ್ಮೆ ಪೂರ್ತಿ ಓದಿ. ಎಕ್ಸೆಲ್‌ನಲ್ಲಿ ಸೋಸುವುದು, ತಾರೀಖಿನ ಪ್ರಕಾರ ಜೋಡಿಸುವುದು ಬಂದರೆ ಅರ್ಧ ತಲೆನೋವು ಕಡಿಮೆ.

ಗೋಪ್ಯತೆ ಅಂದರೆ ಎಲ್ಲಿಯ ತನಕ? ಮನೆಯಲ್ಲೂ ಹೇಳಬಾರದಾ?

ಮನೆಯಲ್ಲೂ ಹೇಳಬಾರದು. ಪ್ರೊಬೇಷನ್ ಕಾಯ್ದೆಯ 7ನೇ ಕಲಮಿನ ಪ್ರಕಾರ ಅಧಿಕಾರಿಯ ವರದಿ ಗೋಪ್ಯ. ಅದರ ಸಾರಾಂಶವನ್ನು ಸಂಬಂಧಪಟ್ಟ ವ್ಯಕ್ತಿಗೆ ತಿಳಿಸುವುದೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಕೋರ್ಟು. ನಾವಲ್ಲ. ಮಕ್ಕಳದ್ದಾದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಮು. ಹೆಸರು, ವಿಳಾಸ, ಶಾಲೆ, ಅಥವಾ ಗುರುತು ಸಿಗುವ ಯಾವುದೇ ವಿವರ ಪ್ರಕಟಿಸಿದರೆ 6 ತಿಂಗಳ ತನಕ ಜೈಲು, ಅಥವಾ 2 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಪತ್ರಿಕೆಯವರು ಜಾಣರು. "ಹೆಸರು ಬ್ಯಾಡ್ರಿ, ಊರು ಮತ್ತ ಯಾವ ಇಯತ್ತೆ ಅಷ್ಟ ಹೇಳ್ರಿ" ಅನ್ನುತ್ತಾರೆ. ಕುಂದಗೋಳ ಕಡೆಯ ಒಂದು ಸಣ್ಣ ಹಳ್ಳಿ, ಒಂಬತ್ತನೇ ಇಯತ್ತೆ ಅಂತ ಬರೆದರೆ ಊರಿಗೆ ಊರೇ ಹೆಸರು ಹೇಳುತ್ತದೆ. ಅವರನ್ನು ಅಧಿಕಾರಿಯ ಹತ್ತಿರ ಕಳಿಸಿ.

ಅದಕ್ಕಿಂತ ಕಷ್ಟ ನೆಂಟರು. ಮದುವೆ ಸಂಬಂಧ ನೋಡುವಾಗ ಯಾರಾದರೂ ನಿಮ್ಮ ಕಿವಿಯ ಹತ್ತಿರ ಬರುತ್ತಾರೆ. "ಆ ಹುಡುಗನ ಮ್ಯಾಲೆ ಹಿಂದ ಏನೋ ಕೇಸಿತ್ತಂತ, ನಿಮ್ಮ ಆಫೀಸಿಗೆ ಬಂದಿತ್ತೇನು?" ನನ್ನ ಉತ್ತರ ಒಂದೇ: "ನನಗ ಯಾರ ಮುಖಾನೂ ನೆನಪಿರಂಗಿಲ್ಲರೀ." ಎಲ್ಲರಿಗೂ ಎಲ್ಲ ಸಲಕ್ಕೂ ಅದನ್ನೇ ಹೇಳಬೇಕು. ಒಬ್ಬರಿಗೆ "ಛೇ, ಅವನ ಮೇಲೆ ಏನಿಲ್ಲ" ಅಂತ ಒಳ್ಳೆಯ ಮನಸ್ಸಿನಿಂದ ಹೇಳಿದರೂ, ಇನ್ನೊಬ್ಬರ ವಿಷಯಕ್ಕೆ ನೀವು ಸುಮ್ಮನಿದ್ದಾಗ ಅದೇ ಉತ್ತರವಾಗಿಬಿಡುತ್ತದೆ.

ಕಡತದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದು ಈಗಿನ ದೊಡ್ಡ ಗಂಡಾಂತರ. "ಅರ್ಜಂಟ್ ಕಳಸ್ರಿ" ಅಂತ ಮೇಲಿನವರೇ ಕೇಳಬಹುದು. ಕಚೇರಿಯ ಇಮೇಲಿಗೆ ಹಾಕುತ್ತೇನೆ ಅನ್ನಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿದರೆ ಕೆಟ್ಟು ಬಂದ ಹಾಳೆಯನ್ನೂ ವಾಪಸ್ ತನ್ನಿ. ನಮ್ಮ ಊರಲ್ಲಿ ಅಂಥ ಹಾಳೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಕಟ್ಟಿ ಕೊಡುತ್ತಾರೆ, ತಮಾಷೆ ಅಲ್ಲ.

ಮನೆಯವರು ಬಂದು "ನಮ್ಮ ಹುಡುಗನ್ನ ಯಾವಾಗ ಬಿಡ್ತಾರ್ರೀ?" ಅಂದರೆ ಏನು ಹೇಳಬೇಕು?

ಕೂರಿಸಿ, ನೀರು ಕೊಡಿ. ಅಧಿಕಾರಿ ಎಷ್ಟು ಹೊತ್ತಿಗೆ ಸಿಗುತ್ತಾರೆ, ಮುಂದಿನ ತಾರೀಖು ಯಾವುದು, ಎಲ್ಲಿಗೆ ಹೋಗಬೇಕು, ಯಾವ ಕಾಗದ ತರಬೇಕು, ಇಷ್ಟು ಹೇಳಬಹುದು. ತಾರೀಖನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ. ಓದು ಬರದವರಾದರೆ "ಅಮಾಸಿ ಆದ ಮ್ಯಾಲೆ ಬರೋ ಸೋಮವಾರ" ಅಂತ ಹೇಳಿದರೆ ನೆನಪಿರುತ್ತದೆ.

ಹೇಳಬಾರದ್ದು: ಬಿಡುತ್ತಾರೆ, ಬಿಡಲ್ಲ, ವರದಿ ಚೆನ್ನಾಗಿದೆ, ವರದಿ ಕೆಟ್ಟಿದೆ. ಎಂಟು ವರ್ಷ ನೋಡಿದ ಮೇಲೆ ನಮಗೂ ಒಂದು ಅಂದಾಜು ಇರುತ್ತದೆ, ನಾಲಿಗೆ ತುದಿಗೆ ಬರುತ್ತದೆ. ತಡೆದುಕೊಳ್ಳಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ದಾರಿ ತೋರಿಸಿ. ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಅಲ್ಲಿ ವಕೀಲರು ಪುಕ್ಕಟೆ. ಸಹಾಯವಾಣಿ 15100.

ಆಧಾರ್ ಕಾರ್ಡಿಗಿಂತ ಶಾಲೆಯ ದಾಖಲೆ ತರಲು ಹೇಳಿ. ವಯಸ್ಸಿನ ಪ್ರಶ್ನೆ ಬಂದಾಗ ಮಂಡಳಿ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಅಂಕಪಟ್ಟಿ. ಅವಿಲ್ಲದಿದ್ದರೆ ಪಾಲಿಕೆ, ಪಂಚಾಯತಿ ಕೊಟ್ಟ ಜನನ ಪ್ರಮಾಣಪತ್ರ. ಇದನ್ನು ಮೊದಲ ದಿನವೇ ಹೇಳಿದರೆ ಅವರಿಗೆ ಎರಡು ಬಸ್ ಚಾರ್ಜು ಉಳಿಯುತ್ತದೆ.

ಯಾರಾದರೂ ದುಡ್ಡು ಕೊಡಲು ಬಂದರೆ?

ದುಡ್ಡಾದರೆ ಬೇಡ ಅನ್ನುವುದು ಸುಲಭ. ಪೇಢೆ ಡಬ್ಬಿ ಕಷ್ಟ. ಧಾರವಾಡದಲ್ಲಿ ಪೇಢೆ ಬೇಡ ಅಂದರೆ ಜಗಳ ಮಾಡಿದ ಹಾಗೆ. "ಹುಡುಗ ಮನಿಗೆ ಬಂದಾನ್ರಿ, ಬಾಯಿ ಸಿಹಿ ಮಾಡ್ಕೋರಿ" ಅಂತ ಕಣ್ಣಲ್ಲಿ ನೀರು ತಂದುಕೊಂಡು ಹಿಡಿಯುತ್ತಾರೆ. ನಾನು ಡಬ್ಬಿ ಮುಟ್ಟುವುದಿಲ್ಲ. "ಹುಡುಗನ ಗೆಳೆಯರಿಗೆ ಹಂಚ್ರಿ" ಅಂತ ಹೇಳಿ ಕಳಿಸುತ್ತೇನೆ.

ಹೊರಗೆ ಕೋರ್ಟಿನ ಮುಂದೆ "ಆಫೀಸಿನಾಗ ನಮ್ಮವರು ಅದಾರ, ರಿಪೋರ್ಟು ಮಾಡಿಸಿ ಕೊಡ್ತೀನಿ" ಅನ್ನುವ ಜನ ಇರುತ್ತಾರೆ. ಅವರು ಹೇಳುವ "ನಮ್ಮವರು" ನೀವೇ ಆಗಿರಬಹುದು, ನಿಮಗೆ ಗೊತ್ತೇ ಇರುವುದಿಲ್ಲ. ಅಂಥ ಸುದ್ದಿ ಕಿವಿಗೆ ಬಿದ್ದರೆ ಅವತ್ತೇ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ಅಂದಹಾಗೆ, ಲಂಚದ ಕೇಸಿನಲ್ಲಿ ಸಿಕ್ಕಿಬಿದ್ದವರಿಗೆ ಈ ಪ್ರೊಬೇಷನ್ ಕಾಯ್ದೆಯ ರಿಯಾಯಿತಿ ಸಿಗುವುದಿಲ್ಲ.

ಅಪರಾಧ ಮಾಡಿದವರು ಕಚೇರಿಗೆ ಬರುತ್ತಾರಲ್ಲ, ಭಯ ಆಗಲ್ವಾ?

ಇಲ್ಲ. ಬರುವವರಿಗೇ ಜಾಸ್ತಿ ಭಯ.

ಹಳ್ಳಿಗೆ ಭೇಟಿಗೆ ನಾವೂ ಹೋಗಬೇಕಾ?

ಭೇಟಿ ಅಧಿಕಾರಿಯದು, ಇಲ್ಲವೇ ಸಮಾಜ ಕಾರ್ಯಕರ್ತರದು. ನಿಮ್ಮ ಕೆಲಸ ಹೋಗುವ ಮೊದಲು ವಿಳಾಸ ಗಟ್ಟಿ ಮಾಡಿಕೊಳ್ಳುವುದು. ಇದರಲ್ಲಿ ಎಡವಿದರೆ ಒಂದು ದಿನ ಹಾಳು. ಮುಂಡರಗಿ, ಶಿರಹಟ್ಟಿ, ಸವಣೂರು ಕಡೆ ಬಿತ್ತನೆ ಮುಗಿದ ಮೇಲೆ, ಮಳೆ ಕೈಕೊಟ್ಟರೆ ಇನ್ನೂ ಮೊದಲೇ, ಜನ ಗುಳೆ ಹೋಗುತ್ತಾರೆ. ಗೋವಾ, ಮಂಗಳೂರು, ಬೆಂಗಳೂರು. ಅಧಿಕಾರಿ ಬಸ್ಸು ಹತ್ತಿ ಹೋದರೆ ಮನೆಗೆ ಕೀಲಿ. ಅದಕ್ಕೆ ಮಗುವಿನ ತಂದೆ ತಾಯಿಯ ನಂಬರಿನ ಜೊತೆ ಪಕ್ಕದ ಮನೆಯವರದೋ ಸೋದರಮಾವನದೋ ನಂಬರು ಮೊದಲ ದಿನವೇ ಬರೆದುಕೊಳ್ಳಿ. ಫೋನಿನಲ್ಲಿ ಅವರಿಗೆ "ಕೇಸಿನ ವಿಷಯ" ಅನ್ನಬೇಡಿ. "ಇಲಾಖೆಯಿಂದ, ಮನೆಯವರ ಜೊತೆ ಮಾತಾಡಬೇಕಿತ್ತು" ಅಂದರೆ ಸಾಕು.

ಬ್ಯಾಡಗಿ ಕಡೆಯವರಿಗೆ ಮೆಣಸಿನಕಾಯಿ ಸುಗ್ಗಿಯಲ್ಲಿ ಬೆಳಗ್ಗೆ ಹೋದರೆ ಯಾರೂ ಸಿಗುವುದಿಲ್ಲ, ಸಂಜೆಗೆ ಗೊತ್ತು ಮಾಡಿ.

2024ರಲ್ಲಿ ಹೊಸ ಕಾನೂನು ಬಂತಲ್ಲ, ಪ್ರೊಬೇಷನ್ ಕಾಯ್ದೆ ಹೋಯಿತಾ?

ಹೋಗಿಲ್ಲ. 1958ರ ಕಾಯ್ದೆ ಹಾಗೇ ಇದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದವು. ಸಿಆರ್‌ಪಿಸಿಯಲ್ಲಿ ಪ್ರೊಬೇಷನ್ 360ನೇ ಕಲಮಿನಲ್ಲಿತ್ತು, ಈಗ ಅದು 401. ನಮೂನೆಗಳಲ್ಲಿ ಕಲಮಿನ ನಂಬರು ಬದಲಿಸುವಾಗ ಘಟನೆ ನಡೆದ ದಿನ ನೋಡಿ. ಜುಲೈ 1ಕ್ಕಿಂತ ಮೊದಲಿನ ಅಪರಾಧಕ್ಕೆ ಹಳೆಯ ಐಪಿಸಿ ಕಲಮೇ ಇರುತ್ತದೆ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. ಕುಡಿದು ಬೀದಿಯಲ್ಲಿ ಗಲಾಟೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಸಲದ ಕಳ್ಳತನ, ಇಂಥವಕ್ಕೆ.

ಪ್ರೊಬೇಷನ್ ಸಿಕ್ಕವರಿಗೆ ಮುಂದೆ ಸರ್ಕಾರಿ ನೌಕರಿ ಸಿಗುತ್ತದಾ?

ಇದನ್ನು ಮನೆಯವರು ಅಧಿಕಾರಿಯನ್ನು ಕೇಳಲು ಹೆದರಿ ನಮ್ಮನ್ನು ಕೇಳುತ್ತಾರೆ. ನಾವು ಸಲಹೆ ಕೊಡುವ ಹಾಗಿಲ್ಲ, ಆದರೆ ಗೊತ್ತಿರಲಿ. 1958ರ ಕಾಯ್ದೆಯ 12ನೇ ಕಲಮು, ಪ್ರೊಬೇಷನ್ ಸಿಕ್ಕವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಅನ್ನುತ್ತದೆ. ಹಾಗಂತ ತಪ್ಪು ಸಾಬೀತಾದದ್ದೇ ಅಳಿಸಿಹೋಗುವುದಿಲ್ಲ. ಈಗಾಗಲೇ ನೌಕರಿಯಲ್ಲಿ ಇರುವವನ ಮೇಲೆ ನಡತೆಯ ಕಾರಣಕ್ಕೆ ಇಲಾಖೆ ಕ್ರಮ ಕೈಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳಿಗೆ ರಕ್ಷಣೆ ಇನ್ನೂ ಗಟ್ಟಿ. ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಲ್ಲಿ ಅನರ್ಹತೆ ಇಲ್ಲ ಅಂತ ಸ್ಪಷ್ಟವಾಗಿದೆ. ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆ ಆದ 16 ದಾಟಿದವರಿಗೆ ಮಾತ್ರ ಇದು ಬೇರೆ.

ಮುಗಿದ ಕಡತ ಏನು ಮಾಡಬೇಕು?

ಮಕ್ಕಳ ಕಡತವನ್ನು ಇತರ ಹಳೆಯ ಕಾಗದದ ಜೊತೆ ಕಟ್ಟಿ ಅಟ್ಟಕ್ಕೆ ಎಸೆಯುವಂತಿಲ್ಲ. ಮೇಲ್ಮನವಿಯ ಅವಧಿ ಮುಗಿಯುವ ತನಕ ಅಥವಾ 7 ವರ್ಷ ಜೋಪಾನವಾಗಿ ಇರಿಸಿ, ಆಮೇಲೆ ನಾಶಮಾಡಬೇಕು ಅಂತ ಮಾದರಿ ನಿಯಮ ಹೇಳುತ್ತದೆ. ಮಗುವಿಗೆ ಹೊಸದಾಗಿ ಬದುಕು ಶುರು ಮಾಡಲು ಬಿಡಬೇಕು ಅನ್ನುವುದು ಅದರ ಕಾರಣ. ನಾಶ ಮಾಡುವುದು ಅಂದರೆ ಆದೇಶ ಪಡೆದು, ಪಟ್ಟಿ ಮಾಡಿ, ಅಧಿಕಾರಿಯ ಎದುರು ಹರಿದು ಮುಗಿಸುವುದು. ರದ್ದಿ ಅಂಗಡಿಗೆ ತೂಕಕ್ಕೆ ಹಾಕುವುದಲ್ಲ. ಕಂಪ್ಯೂಟರಿನಲ್ಲಿರುವ ಪ್ರತಿಯನ್ನೂ ಮರೆಯಬೇಡಿ. ಡೆಸ್ಕ್‌ಟಾಪ್‌ನಲ್ಲಿ "ಹೊಸ ಫೋಲ್ಡರ್ 3" ಅಂತ ಒಂದು ಇದ್ದೇ ಇರುತ್ತದೆ, ಅದರೊಳಗೆ ನೋಡಿ.

ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕೆಲಸ. ಓಡಾಡಬಹುದಾ?

ಆರಾಮಾಗಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಇದೆಯಲ್ಲ. ಗದಗಿನಿಂದ ದಿನಾ ಹುಬ್ಬಳ್ಳಿಗೆ ಬರುವವರೂ ಇದ್ದಾರೆ, ಸುಮಾರು 60 ಕಿಲೋಮೀಟರ್. ಬಸ್ಸಿನಲ್ಲಿ ಕಡತ ತೆರೆಯಬೇಡಿ, ಪಕ್ಕದ ಸೀಟಿನವರು ಓದುತ್ತಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ.

ಇಲ್ಲಿಂದ ಮುಂದೆ ನಾನೇ ಪ್ರೊಬೇಷನ್ ಅಧಿಕಾರಿ ಆಗಬಹುದಾ?

ಆಗಬಹುದು, ಆದರೆ ಸಹಾಯಕರ ಕುರ್ಚಿಯಿಂದ ಸೀದಾ ಬಡ್ತಿ ಅಲ್ಲ. ರಕ್ಷಣಾ ಘಟಕದ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಹುದ್ದೆಗೆ ಕಾನೂನು ಪದವಿ ಬೇಕು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯ ನವನಗರದಲ್ಲೇ ಇದೆ. ಸಮಾಜ ಕಾರ್ಯದ ಕಡೆ ಮನಸ್ಸಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಓದಬಹುದು. ನಮ್ಮಲ್ಲಿ ಕೆಲಸ ಮಾಡುತ್ತಲೇ ಎಲ್‌ಎಲ್‌ಬಿ ಓದಲು ಹೊರಟ ಹುಡುಗಿ ಒಬ್ಬಳಿದ್ದಳು. ಪರೀಕ್ಷೆಯಲ್ಲಿ ಬಾಲ ನ್ಯಾಯ ಕಾಯ್ದೆಯ ಪ್ರಶ್ನೆ ಬಂದಾಗ ಪುಸ್ತಕದ್ದಲ್ಲ, ಮೇಜಿನದು ಬರೆದು ಬಂದೆ ಅಂದಳು. ಪಾಸಾದಳು.

ಮೊದಲ ದಿನ ಏನು ತೆಗೆದುಕೊಂಡು ಹೋಗಬೇಕು?

ಆದೇಶದ ಪ್ರತಿ, ಪ್ರಮಾಣಪತ್ರಗಳ ಎರಡು ಸೆಟ್ ಜೆರಾಕ್ಸ್, ಬುತ್ತಿ. ಒಂದು ಡೈರಿ, ದಿನಕ್ಕೊಂದು ಪುಟ ಇರುವಂಥದ್ದು. ಕೆಂಪು ಪೆನ್ನು ಸ್ವಂತದ್ದೇ ಇರಲಿ, ಕಚೇರಿಯಲ್ಲಿ ಸಿಗುವ ಕೆಂಪು ಪೆನ್ನಿಗೆ ಮುಚ್ಚಳ ಇರುವುದಿಲ್ಲ.